ಪಡುಗಾಳಿಯ ಕಿಟಕಿ

ರುಕಿಯಮ್ಮ ಯಾವ ಎಲೆಯನ್ನೂ ಮುಟ್ಟಿ ನೋಡದೆ ಬಿಡುವವರಲ್ಲ. ಬಹರೈನಿನ ಮುಹರ್ರಕ್‌ನ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟು ಕೈಗೆ ಬಂದರೆ ಮೊದಲು ಒಂದು ಎಲೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ತಿಕ್ಕುತ್ತಾರೆ. ಚಹಾ ಪುಡಿಯ ಹೊಸ ಪೊಟ್ಟಣ ಒಡೆದರೆ ಒಂದು ಚಿಟಿಕೆ ಎತ್ತಿ ಕಿವಿಯ ಹತ್ತಿರ ಹಿಸುಕುತ್ತಾರೆ. ಅಂಗಡಿಯವರು ನೋಡಿ ನಗುತ್ತಾರೆ. ರುಕಿಯಮ್ಮನಿಗೆ ಅದು ಗೊತ್ತೇ ಆಗುವುದಿಲ್ಲ. ಅಷ್ಟು ಹಳೆಯ ಅಭ್ಯಾಸ.

ಅರಾದ್‌ನಲ್ಲಿ ಅವರ ಮನೆ ಎರಡನೆಯ ಮಾಳಿಗೆಯಲ್ಲಿ, ನಮ್ಮದು ಮೊದಲನೆಯದರಲ್ಲಿ. ಕೆಳಗೆ ಅವರ ಗಂಡ ಮೂಸಬ್ಬನವರ ಕೋಲ್ಡ್ ಸ್ಟೋರ್. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿ ಅಕ್ಕಿ, ಮೊಸರು, ಸೋಪು, ಸಿಗರೇಟು ಎಲ್ಲ ಸಿಗುವ ಸಣ್ಣ ಅಂಗಡಿ. ನಾನು ಬರೆಯುವುದರಲ್ಲಿ ಸ್ವಲ್ಪ ಕಣ್ಣಾರೆ ಕಂಡದ್ದು, ಹೆಚ್ಚಿನದು ರುಕಿಯಮ್ಮ ನನ್ನ ಅಮ್ಮನ ಹತ್ತಿರ ಹೇಳಿದ್ದು. ಸಂಶಯ ಬಂದಲ್ಲಿ ಅವರನ್ನೇ ಮತ್ತೆ ಕೇಳಿ ತಿದ್ದಿಕೊಂಡಿದ್ದೇನೆ.

ಎಲೆ ಮುಟ್ಟುವ ಅಭ್ಯಾಸ ಅವರಿಗೆ ಬೀಡಿಯಿಂದ ಬಂದದ್ದು. ಉಳ್ಳಾಲದಲ್ಲಿ ಅವರ ಮನೆಯ ಹೆಂಗಸರೆಲ್ಲ ಬೀಡಿ ಕಟ್ಟುತ್ತಿದ್ದರು. ಕತ್ತರಿ ಹಿಡಿಯಲು ಬಂದ ವಯಸ್ಸಿನಿಂದ ಮದುವೆಯ ಹಿಂದಿನ ವಾರದವರೆಗೆ ರುಕಿಯಮ್ಮನೂ ಕಟ್ಟಿದರು. ಬೀಡಿಯ ಎಲೆಯನ್ನು ನೀರಿನಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಅದು ಹದಕ್ಕೆ ಬಂದಿರಬೇಕು. ನೀರು ಕಡಿಮೆಯಾದರೆ ಸುರುಟುವಾಗ ಎಲೆ ಸೀಳುತ್ತದೆ. ಹೆಚ್ಚಾದರೆ ಕಟ್ಟಿದ ಬೀಡಿ ಬೂಷ್ಟು ಹಿಡಿಯುತ್ತದೆ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಕಟ್ಟಿದ್ದನ್ನು ನೋಡಿ ತೆಗೆದುಕೊಳ್ಳುವ ಆದಂ ಬ್ಯಾರಿ ಎಂಬ ಮುದುಕರಿದ್ದರು. ತೂಕ ಬರಲಿ ಎಂದು ಯಾರಾದರೂ ಹೊಗೆಸೊಪ್ಪಿಗೆ ನೀರು ಚಿಮುಕಿಸಿದ ಅನುಮಾನ ಬಂದರೆ ಅವರು ಒಂದು ಗಾಜಿನ ಬಾಟಲಿಗೆ ಆ ಸೊಪ್ಪನ್ನೂ ಹುರಿದ ಉಪ್ಪನ್ನೂ ಹಾಕಿ, ಮುಚ್ಚಿ, ಕುಲುಕಿ ಇಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಉಪ್ಪು ಸಡಿಲವಾಗಿ ಸುರಿದರೆ ಸೊಪ್ಪು ಒಣ. ಗಾಜಿಗೆ ಅಂಟಿಕೊಂಡರೆ ಒಳಗೆ ನೀರುಂಟು. ತಾನು ಲಂಚ ತಿಂದರೂ ಉಪ್ಪು ಲಂಚ ತಿನ್ನುವುದಿಲ್ಲ ಎಂದು ಆದಂ ಬ್ಯಾರಿ ನಗುತ್ತಿದ್ದರಂತೆ.

ಬಹರೈನಿಗೆ ಬಂದ ಮೇಲೆ ರುಕಿಯಮ್ಮನ ಬೆರಳಿಗೆ ಕೆಲಸವೇ ಇರಲಿಲ್ಲ. ಅಡುಗೆ ಮಾಡಿದರು, ಅಂಗಡಿಗೆ ಬೇಳೆಯ ಪೊಟ್ಟಣ ಕಟ್ಟಿಕೊಟ್ಟರು. ಆದರೂ ಮಧ್ಯಾಹ್ನ ಸುಮ್ಮನೆ ಕೂತಾಗ ಬೆರಳುಗಳು ತಮ್ಮಷ್ಟಕ್ಕೆ ಸೀರೆಯ ಸೆರಗನ್ನು ಸುರುಟಿ ಸುರುಟಿ ಬೀಡಿ ಮಾಡುತ್ತಿದ್ದವು. ಮೂಸಬ್ಬ ಅದನ್ನು ನೋಡಿ, ಸೆರಗಿಗೆ ಬೆಂಕಿ ಹಚ್ಚಿ ಸೇದಲೇ ಎಂದು ಕೇಳುತ್ತಿದ್ದರು. ಊರಿನ ಕಡೆಯ ಬ್ಯಾರಿ ಮನೆಗಳಲ್ಲಿ ಮದುವೆಯಾದರೆ ಮದರಂಗಿ ಹಚ್ಚಲು ರುಕಿಯಮ್ಮನಿಗೆ ಕರೆ ಬರುತ್ತಿತ್ತು. ಅವರ ಮಾತಿನಲ್ಲಿ ಅದು ಮೈಲಾಂಜಿ. ಆ ಕೆಲಸ ಅವರಿಗೆ ಇಷ್ಟ.

ಮೂಸಬ್ಬನವರ ಅಂಗಡಿಯ ಪರವಾನಗಿ ಒಬ್ಬ ಅರಬ್ ಯಜಮಾನರ ಹೆಸರಿನಲ್ಲಿದೆ. ಅವರನ್ನು ಕಫೀಲ್ ಎನ್ನುತ್ತಾರೆ. ಅವರ ಹೆಂಡತಿ ಉಮ್ ಜಾಸಿಮ್. ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. ಹಳೆಯ ಕಾಲದವರಾದ್ದರಿಂದ ಹಿಂದಿ ಚೆನ್ನಾಗಿ ಬರುತ್ತದೆ. ರುಕಿಯಮ್ಮನಿಗೂ ಅರ್ಧಂಬರ್ಧ ಬರುತ್ತದೆ. ಇಬ್ಬರ ನಡುವೆ ಮಾತು ನಡೆಯುವುದು ಅದರಲ್ಲೇ. ಉಮ್ ಜಾಸಿಮರ ತಾಯಿ ಮುಹರ್ರಕ್‌ನ ಹಳೆಯ ಮನೆಯಲ್ಲಿ ಇದ್ದರು. ಆ ಮನೆಯ ಅಂಗಳದಲ್ಲಿ ಒಂದು ಮದರಂಗಿ ಗಿಡ. ಮನೆಯ ಹೆಣ್ಣುಮಕ್ಕಳೆಲ್ಲರ ಮದುವೆಗೆ ಎಲೆ ಅದರಿಂದಲೇ. ಕುಯ್ಯುವುದು, ನೆರಳಿನಲ್ಲಿ ಒಣಗಿಸುವುದು, ಡಬ್ಬಿಯಲ್ಲಿ ಹಣ್ಣಾಗಿಸುವುದು ಎಲ್ಲ ಆ ಮುದುಕಿಯೇ. ಯಾರಿಗೂ ಬಿಟ್ಟುಕೊಟ್ಟವರಲ್ಲ. ಅವರು ೧೯೮೪ರ ಜನವರಿಯ ಚಳಿಯಲ್ಲಿ ತೀರಿಕೊಂಡರು. ಮನೆಯ ಬಾವಿ ಉಪ್ಪಾಗಿ ಗಿಡ ಸೊರಗಿತು. ಮನೆಯನ್ನು ಕೆಡವಿ ಹೊಸದು ಕಟ್ಟುವುದೆಂದು ಅಣ್ಣತಮ್ಮಂದಿರು ತೀರ್ಮಾನಿಸಿದರು. ಅದೇ ವರ್ಷದ ಕೊನೆಗೆ ಉಮ್ ಜಾಸಿಮರ ಮಗಳು ಲತೀಫಾಳ ಮದುವೆ ನಿಶ್ಚಯವಾಗಿತ್ತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಪಿಕಪ್ ಗಾಡಿ ನಮ್ಮ ಕಟ್ಟಡದ ಮುಂದೆ ನಿಂತಿತು. ಹಿಂದೆ ಹಸಿ ಮದರಂಗಿಯ ಕೊಂಬೆಗಳ ರಾಶಿ. ಮುಂದಿನ ಸೀಟಿನಿಂದ ಉಮ್ ಜಾಸಿಮ್ ಇಳಿದರು. ತಾಯಿಯ ಕೆಲಸ ತನಗೆ ಬಾರದೆಂದೂ, ಒಮ್ಮೆ ತಾಯಿ ರುಕಿಯಮ್ಮನ ಬೆರಳು ಹಿಡಿದು ನೋಡಿ, ಈ ಕೈಗೆ ಎಲೆ ಗೊತ್ತು ಎಂದಿದ್ದರೆಂದೂ ಹೇಳಿದರು. ಆಮೇಲೆ ದೊಡ್ಡ ದನಿಯನ್ನು ತಗ್ಗಿಸಿ ಒಂದು ಮಾತು ಸೇರಿಸಿದರು.

“ಇದು ಕೊನೆಯದು, ರುಕಿಯಾ. ಬುಡ ಸಮೇತ ಕಡಿದಾಯಿತು. ಲತೀಫಾಳ ಕೈಗೆ ಅವಳ ಅಜ್ಜಿಯ ಬಣ್ಣ ಬರಬೇಕು.”

ರುಕಿಯಮ್ಮ ಆಗಲಿ ಎಂದರು. ಇಲ್ಲ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲವಂತೆ. ಗಾಡಿ ಹೋದ ಮೇಲೆ ರಾಶಿಯ ಮುಂದೆ ನಿಂತು ಒಂದು ಎಲೆ ಕಿತ್ತು ತಿಕ್ಕಿ ನೋಡಿದರು. ಅಂಗಡಿಯಿಂದ ಮೂಸಬ್ಬ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಕಫೀಲರ ಮನೆಯ ಮೈಲಾಂಜಿ ಹಾಳಾದ್ರೆ ಮತ್ತೆ ನಮ್ಮಿಬ್ಬರಿಗೂ ಉಳ್ಳಾಲದಲ್ಲಿ ಬೀಡಿಯೇ ಗತಿ, ಮಾರಾಯ್ತಿ. ನಂಗೆ ಕಟ್ಲಿಕ್ಕೆ ಬರುದಿಲ್ಲ, ನೀನು ಕಲಿಸ್ಬೇಕು.”

“ನೀವು ಮೊದ್ಲು ಹಗ್ಗ ತನ್ನಿ,” ಎಂದರು ರುಕಿಯಮ್ಮ.

ಟೆರೇಸಿನ ಮೇಲೆ ಒಂದು ಕೋಣೆಯಿದೆ. ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅಲ್ಲಿ ಇಡುತ್ತಿದ್ದರು. ಅದನ್ನು ಗುಡಿಸಿ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಕೊಂಬೆಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ನೇತುಹಾಕಿದರು. ಬಿಸಿಲು ತಾಗಿದರೆ ಮದರಂಗಿಯ ಬಣ್ಣ ಸಾಯುತ್ತದೆ. ಅದಕ್ಕೆ ನೆರಳು ಮತ್ತು ಗಾಳಿ ಎರಡೇ ಬೇಕು. ಕೋಣೆಗೆ ಎರಡು ಕಿಟಕಿ, ಒಂದು ಪಡುವಣಕ್ಕೆ, ಒಂದು ಮೂಡಣಕ್ಕೆ. ಪಡುವಣ ಕಿಟಕಿಯಲ್ಲಿ ನಿಂತರೆ ಅರಾದ್ ಕೋಟೆಯೂ ಅದರಾಚೆ ಕಡಲೂ ಕಾಣುತ್ತದೆ.

ರುಕಿಯಮ್ಮ ಪಡುವಣ ಕಿಟಕಿಯನ್ನು ಭದ್ರವಾಗಿ ಮುಚ್ಚಿದರು, ಸಂದಿಗೆ ಹಳೆ ಬಟ್ಟೆ ತುರುಕಿದರು. ಮೂಡಣ ಕಿಟಕಿಯನ್ನು ಪೂರ್ತಿ ತೆರೆದರು. ಇದನ್ನು ಅವರು ಯೋಚಿಸಿ ಮಾಡಿದ್ದಲ್ಲ. ನಮ್ಮ ಕರಾವಳಿಯವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಊರಿನಲ್ಲಿ ಕಡಲು ಪಡುವಣಕ್ಕೆ. ಪಡುಗಾಳಿ ಎದ್ದರೆ ಹಪ್ಪಳ ಮೆತ್ತಗಾಗುತ್ತದೆ, ಒಣಮೀನು ಬೆವರುತ್ತದೆ, ಬೀಡಿಯ ತಟ್ಟೆಯನ್ನು ಒಳಗೆ ತರಬೇಕು. ಒಣಗಿಸುವುದು ಮೂಡುಗಾಳಿ. ಹುಟ್ಟಿದಂದಿನಿಂದ ಮೈಗೆ ಗೊತ್ತಿದ್ದ ವಿಷಯ ಇದು. ಇಲ್ಲಿಯೂ ಕಿಟಕಿಯಲ್ಲಿ ಕಡಲು ಪಡುವಣಕ್ಕೇ ಕಾಣುತ್ತಿತ್ತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಎಲೆ ಬೆರಳಿಗೆ ಗರಿಗರಿ ಎಂದಿತು. ರುಕಿಯಮ್ಮ ಒಂದು ಹಗ್ಗದಷ್ಟು ಕಟ್ಟುಗಳನ್ನು ಇಳಿಸಿ, ಚಾಪೆಯ ಮೇಲೆ ಬಡಿದು, ಕಡ್ಡಿ ಬೇರೆ ಮಾಡಿ, ಎಲೆಯನ್ನು ನಿಡೋ ಹಾಲಿನ ಪುಡಿಯ ದೊಡ್ಡ ಡಬ್ಬಿಗೆ ತುಂಬಿದರು. ಮದರಂಗಿಯ ಎಲೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ಕಾಲ ಕೂತರೆ ಹಸಿರು ವಾಸನೆ ಹೋಗಿ ಬಣ್ಣ ಗಟ್ಟಿಯಾಗುತ್ತದೆ ಎಂದು ಉಮ್ ಜಾಸಿಮ್ ಹೇಳಿದ್ದರು. ಅದಕ್ಕೇ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ, ಮುಟ್ಟದೆ ಬಿಟ್ಟರು.

ವಾರ ಕಳೆದು ಮುಚ್ಚಳ ತೆಗೆದಾಗ ಬಂದದ್ದು ಒದ್ದೆ ಗೋಣಿಯ ವಾಸನೆ. ಉಳ್ಳಾಲದ ಅವರ ಮನೆಯ ಮೂಲೆಯ ವಾಸನೆ ಅದೇ. ಆದರೆ ಇಲ್ಲಿ ಅದು ಬರಬಾರದಿತ್ತು. ಕೈ ಹಾಕಿದರೆ ಎಲೆ ಬೆಚ್ಚಗೆ, ಮೆತ್ತಗೆ. ನಡುವಿನಲ್ಲಿ ಬಿಳಿಯ ನೂಲಿನಂಥ ಬೂಷ್ಟು. ಎಲೆಯ ಮೇಲ್ಮೈ ಒಣಗಿತ್ತು. ನಡುನರದಲ್ಲಿ ನೀರು ಉಳಿದಿತ್ತು. ಮುಚ್ಚಿದ ಡಬ್ಬಿಯಲ್ಲಿ ಅದು ಮೆಲ್ಲನೆ ಹೊರಗೆ ಬಂದು ಇಡೀ ಎಲೆಯನ್ನು ನೆನೆಸಿತ್ತು.

ಅಂದು ರುಕಿಯಮ್ಮ ಊಟ ಮಾಡಲಿಲ್ಲ. ನಮ್ಮ ಮನೆಗೆ ಬಂದು ಅಮ್ಮನ ಎದುರು ಡಬ್ಬಿ ಇಟ್ಟು ಕೂತರು. ನನ್ನ ಅಮ್ಮ ಕ್ಲೊಟಿಲ್ಡಾ ಆಸ್ಪತ್ರೆಯಲ್ಲಿ ನರ್ಸ್. ಮಾತು ನೇರ. ಸೂಕ್‌ನಲ್ಲಿ ಅಂದರೆ ಪೇಟೆಯಲ್ಲಿ ಪಾಕಿಸ್ತಾನದ ಮೆಹಂದಿ ಪುಡಿ ರಾಶಿ ಬಿದ್ದಿದೆ, ಒಂದು ಡಬ್ಬಿ ತಂದು ಬದಲಿಸಿದರೆ ಅರಬ್ಬಿಗಳಿಗೆ ಎಲ್ಲಿಂದ ಗೊತ್ತಾಗಬೇಕು ಎಂದರು.

“ಅವ್ರಿಗೆ ಗೊತ್ತಾಗ್ಲಿಕ್ಕಿಲ್ಲ, ಕ್ಲೊಟಿಲ್ಡಾ ಬಾಯಿ,” ಎಂದರು ರುಕಿಯಮ್ಮ. “ಆದ್ರೆ ಆ ಹುಡುಗಿ ಕೈ ಮೂಸಿ ನೋಡ್ತಾಳೆ ಅಲ್ವಾ? ಅಜ್ಜಿ ಅಂತ ತಿಳ್ಕೊಂಡು. ಅದನ್ನ ನೋಡಿಕೊಂಡು ನಾನು ಬಿರಿಯಾನಿ ತಿನ್ನುದು ಹೇಗೆ?”

ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಡಬ್ಬಿಯನ್ನು ಎಸೆಯಲು ಹೊರಟವರನ್ನು ತಡೆದು, ಬೂಷ್ಟು ಹಿಡಿದ ಭಾಗ ತೆಗೆದು ಉಳಿದದ್ದನ್ನು ಬೇರೆ ಇಡಲು ಹೇಳಿದರು. ಆಗಲೇ ಅಡುಗೆಮನೆಯ ಕಿಟಕಿಯಲ್ಲಿದ್ದ ನಮ್ಮ ಉಪ್ಪಿನ ಭರಣಿಯ ಮೇಲೆ ರುಕಿಯಮ್ಮನ ಕಣ್ಣು ಬಿತ್ತು. ಉಪ್ಪು ಗಟ್ಟಿಯಾಗಿ ಭರಣಿಗೆ ಅಂಟಿತ್ತು. ಆದಂ ಬ್ಯಾರಿಯ ಬಾಟಲಿ ಅವರಿಗೆ ನೆನಪಾದದ್ದು ಆಗ. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಅಮ್ಮ ಕೇಳಿದ್ದಕ್ಕೆ, ಬೀಡಿಯಲ್ಲಿ ತನ್ನ ಬೆರಳು ಎಂದೂ ಸುಳ್ಳು ಹೇಳಿರಲಿಲ್ಲ, ಅದಕ್ಕೇ ಉಪ್ಪಿನ ಅಗತ್ಯ ಬಿದ್ದಿರಲಿಲ್ಲ ಎಂದರು. ಇಲ್ಲಿಯ ಸೆಕೆಯಲ್ಲಿ ಬೆರಳೇ ಬೆವರುತ್ತದೆ. ಬೆವರಿದ ಬೆರಳಿಗೆ ಎಲ್ಲ ಎಲೆಯೂ ಒಣಗಿದ ಹಾಗೆ.

ಅಂದಿನಿಂದ ಅವರು ಖಾಲಿ ಟ್ಯಾಂಗ್ ಬಾಟಲಿಯಲ್ಲಿ ಅಳೆಯತೊಡಗಿದರು. ಉಪ್ಪನ್ನು ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿಯುವುದು. ಆರಿದೊಡನೆ ಒಂದು ಚಮಚ ಬಾಟಲಿಗೆ. ಒಂದು ಹಿಡಿ ಎಲೆ, ಕಡ್ಡಿ ಸಮೇತ. ಮುಚ್ಚಿ, ಕುಲುಕಿ, ಒಂದು ಊಟದ ಹೊತ್ತು ಬಿಟ್ಟು ನೋಡುವುದು. ಟೆರೇಸಿನಲ್ಲಿ ಉಳಿದ ಎಲ್ಲ ಕಟ್ಟುಗಳಿಂದಲೂ ಎಲೆ ತೆಗೆದು ನೋಡಿದರು. ಉಪ್ಪು ಪ್ರತಿಸಲವೂ ಗಾಜಿಗೆ ಅಂಟಿತು. ಮಧ್ಯಾಹ್ನ ಅಂಟಿತು, ಸಂಜೆ ಇನ್ನೂ ಹೆಚ್ಚು ಅಂಟಿತು. ಅಂಗಡಿಯಿಂದ ಟೇಬಲ್ ಫ್ಯಾನ್ ತಂದು ಮೂಡಣ ಕಿಟಕಿಯ ಕೆಳಗೆ ಇಟ್ಟರು. ಫ್ಯಾನ್ ಅದೇ ಗಾಳಿಯನ್ನು ತಿರುಗಿಸಿತು, ಅಷ್ಟೆ.

ಮೂಸಬ್ಬ ಮಲಗುವ ಕೋಣೆಯ ಏಸಿಯಲ್ಲಿ ಒಣಗಿಸಲು ಹೇಳಿದರು. ಅದನ್ನೂ ಮಾಡಿದರು. ಒಂದು ಹಗ್ಗದ ಎಲೆ ಮಂಚದ ಮೇಲೆ ಮಲಗಿತು, ಗಂಡ ಹೆಂಡತಿ ಹೊರಗಿನ ಚಾಪೆಯಲ್ಲಿ ಮಲಗಿದರು. ಏಸಿಯಲ್ಲಿ ಎಲೆ ಬೇಗ ಒಣಗಿತು, ಆದರೆ ಡಬ್ಬಿಗೆ ಹಾಕಿದ ಮರುದಿನ ಮತ್ತೆ ಮೆತ್ತಗಾಯಿತು. ಮತ್ತೆ ಮಂಚ, ಮತ್ತೆ ಡಬ್ಬಿ. ಕೊನೆಗೆ ಒಣಗಿದ್ದೇನೋ ಹೌದು, ಆದರೆ ಹಸಿರು ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಉಳಿದ ಎಲ್ಲ ಎಲೆಗೆ ಹೀಗೆ ಮಾಡುವಷ್ಟು ಮಂಚವೂ ಇರಲಿಲ್ಲ.

ಈ ನಡುವೆ ಉಮ್ ಜಾಸಿಮ್ ಡ್ರೈವರನ ಹತ್ತಿರ ಕೇಳಿ ಕಳುಹಿಸಿದರು. ಇನ್ನೂ ಆಗಿಲ್ಲ ಎಂದು ರುಕಿಯಮ್ಮ ಹೇಳಿ ಕಳುಹಿಸಿದರು. ಅದು ಸುಳ್ಳಲ್ಲ. ಆದರೆ ಹಾಳಾದ ಡಬ್ಬಿಯ ವಿಷಯ ಹೇಳಲಿಲ್ಲ. ಅದು ಮಂಚದ ಕೆಳಗೆ ಇತ್ತು, ಹೊರಗಿನ ಚಾಪೆಯಲ್ಲಿ ಮಲಗಿದ ಅವರಿಗೆ ಅದನ್ನೇ ನೆನೆದು ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಟೆರೇಸಿನ ಎಲೆಗೂ ಅದೇ ಗತಿಯಾದರೆ ಲತೀಫಾಳ ಕೈಗೆ ಹಚ್ಚಲು ಏನೂ ಉಳಿಯುವುದಿಲ್ಲ. ಇನ್ನೊಂದು ಬೆಳೆ ತೆಗೆಯಲು ಗಿಡವೇ ಇಲ್ಲ.

ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತು. ರುಕಿಯಮ್ಮ ನಮ್ಮ ಮನೆಯಲ್ಲಿ ಅಮ್ಮನ ಜೊತೆ ಮೀನು ಹೆಚ್ಚುತ್ತಿದ್ದರು. ಎಲ್ಲೋ ಏನೋ ದಡಾರನೆ ಬಡಿದ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಅಂಗಡಿಯ ಬೋರ್ಡು ಇರಬೇಕು ಎಂದುಕೊಂಡು ಮೀನು ಮುಗಿಸಿ, ಕೈ ತೊಳೆದು ಅವರು ಟೆರೇಸಿಗೆ ಹೋದಾಗ ಪಡುವಣ ಕಿಟಕಿ ಹಾರುಹೊಡೆದಿತ್ತು. ಚಿಲಕ ಕಿತ್ತು ನೇತಾಡುತ್ತಿತ್ತು. ತುರುಕಿದ ಬಟ್ಟೆ ನೆಲದಲ್ಲಿ. ಕಡಲ ಕಡೆಯ ಗಾಳಿ ನೇರವಾಗಿ ಕಟ್ಟುಗಳ ಮೇಲೆ ಬೀಸಿ, ಹಗ್ಗವೆಲ್ಲ ತೂಗುತ್ತಿತ್ತು.

ಎಲ್ಲ ಮುಗಿಯಿತು ಎಂದೇ ಅವರಿಗೆ ಅನಿಸಿತಂತೆ. ಓಡಿ ಕಿಟಕಿ ಎಳೆದುಕೊಂಡರು. ಆಗ ಹತ್ತಿರದ ಕಟ್ಟು ಕೆನ್ನೆಗೆ ತಾಗಿತು. ತಾಗಿದ ಸದ್ದು ಬೇರೆಯಾಗಿತ್ತು. ಒಂದು ಎಲೆಯನ್ನು ಕಿವಿಯ ಹತ್ತಿರ ಹಿಸುಕಿದರು. ಒಡೆಯಿತು. ಕಡ್ಡಿಯನ್ನು ಬಗ್ಗಿಸಿದರು. ಬಗ್ಗಲಿಲ್ಲ, ಟಕ್ಕೆಂದು ಮುರಿಯಿತು. ಮೂಡಣ ಕಿಟಕಿಯ ಕಡೆಯ ಕಟ್ಟಿಗೆ ಹೋಗಿ ಅದೇ ಪರೀಕ್ಷೆ ಮಾಡಿದರು. ಅಲ್ಲಿ ಕಡ್ಡಿ ಬಗ್ಗಿತು.

ಬೆರಳನ್ನು ಅವರು ಈಗ ನಂಬುತ್ತಿರಲಿಲ್ಲ. ಕೆಳಗೆ ಇಳಿದು ಉಪ್ಪು ಹುರಿದರು. ಬಾಟಲಿಗೆ ಪಡುವಣ ಕಡೆಯ ಎಲೆ ಹಾಕಿ ಕುಲುಕಿ, ಅದರ ಎದುರೇ ಕೂತರು. ಮೂಸಬ್ಬ ಊಟಕ್ಕೆ ಬಂದಾಗ ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ವಾಲಿಸುತ್ತಿದ್ದರು. ಉಪ್ಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮರಳಿನ ಹಾಗೆ ಸುರಿಯುತ್ತಿತ್ತು.

“ಪಡುಗಾಳಿ ಒಣಗಿಸ್ತಾ ಉಂಟು ನೋಡಿ ಇಲ್ಲಿ,” ಎಂದರು ರುಕಿಯಮ್ಮ.

“ಬಿಸಿಲಿಗೆ ತಲೆ ಕೆಟ್ಟಿತಾ ನಿಂಗೆ? ಪಡುಗಾಳಿ ಎಲ್ಲಾದ್ರೂ ಒಣಗಿಸ್ತದಾ?”

“ನಾನು ಹೇಳುದಲ್ಲ. ಉಪ್ಪು ಹೇಳುದು.”

ಒಂದು ಸಲದ್ದನ್ನು ನಂಬಿ ಮತ್ತೊಮ್ಮೆ ಹಾಳುಮಾಡಿಕೊಳ್ಳಲು ಅವರು ತಯಾರಿರಲಿಲ್ಲ. ಒಂದು ತಟ್ಟೆಯಲ್ಲಿ ಹುರಿದ ಉಪ್ಪು ಹರಡಿ ಟೆರೇಸಿನ ಕಟ್ಟೆಯ ಮೇಲೆ ಇಟ್ಟರು. ಗಾಳಿ ಯಾವ ಕಡೆಯದು ಎಂದು ತಿಳಿಯಲು ತಂತಿಯ ಮೇಲೆ ಅಮ್ಮನ ಬಿಳಿ ಯೂನಿಫಾರ್ಮ್ ಇತ್ತು. ಅದರ ತೋಳು ಮೂಡಣಕ್ಕೆ ಹಾರಿದರೆ ಗಾಳಿ ಪಡುವಣದ್ದು. ಆ ದಿನವೂ ಮರುದಿನವೂ ತೋಳು ಮೂಡಣಕ್ಕೇ ಹಾರಿತು. ತಟ್ಟೆಯ ಉಪ್ಪು ಸಡಿಲವಾಗಿಯೇ ಉಳಿಯಿತು. ಅದರ ಮುಂದಿನ ದಿನ ಗಾಳಿ ತಿರುಗಿತು. ಮೂಡಣ ಮತ್ತು ತೆಂಕಣದ ನಡುವಿನಿಂದ ಬೆಚ್ಚಗೆ, ಸುಸ್ತಾದವರ ಉಸಿರಿನ ಹಾಗೆ ಬೀಸಿತು. ಯೂನಿಫಾರ್ಮಿನ ತೋಳು ಕಡಲ ಕಡೆಗೆ ತಿರುಗಿತು. ಮಧ್ಯಾಹ್ನದೊಳಗೆ ಉಪ್ಪು ಬೆವರಿ ತಟ್ಟೆಗೆ ಅಂಟಿತು. ರುಕಿಯಮ್ಮ ತಟ್ಟೆ ಹಿಡಿದುಕೊಂಡೇ ಅಂಗಡಿಗೆ ಇಳಿದು, ಗಿರಾಕಿಗಳ ಮುಂದೆಯೇ ಅದನ್ನು ಮೂಸಬ್ಬನವರ ಎದುರು ತಲೆಕೆಳಗೆ ಮಾಡಿದರು. ಒಂದು ಕಾಳೂ ಬೀಳಲಿಲ್ಲ.

ಮೂಸಬ್ಬ ತಟ್ಟೆಯ ತಳವನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಅಂಗಡಿಯಲ್ಲಿ ಗೋಣಿಚೀಲದ ಸಕ್ಕರೆ ಯಾಕೆ ಪ್ರತಿವರ್ಷ ಕಟ್ಟಿಕೊಳ್ಳುತ್ತದೆ ಎಂದು ಈಗ ತಿಳಿಯಿತು ಎಂದರು. ಅವರೂ ಇಷ್ಟು ವರ್ಷ ಗೋಡಾನಿನ ಪಡುವಣ ಬಾಗಿಲು ಮುಚ್ಚಿ ಮೂಡಣದ್ದನ್ನು ತೆರೆದಿಡುತ್ತಿದ್ದರು.

ಅಲ್ಲಿಂದ ಮುಂದೆ ಕೆಲಸ ಸರಳವಾಯಿತು. ಬೆಳಿಗ್ಗೆ ಎದ್ದೊಡನೆ ರುಕಿಯಮ್ಮ ಟೆರೇಸಿಗೆ ಹೋಗಿ ಗಾಳಿ ನೋಡುತ್ತಿದ್ದರು. ಪಡುಗಾಳಿಯಿದ್ದರೆ ಪಡುವಣ ಕಿಟಕಿ ತೆರೆದು, ಗಾಳಿ ಹಾದುಹೋಗಲು ಮೂಡಣದ್ದನ್ನೂ ಒಂದು ಗೇಣು ತೆರೆಯುತ್ತಿದ್ದರು. ಗಾಳಿ ತಿರುಗಿದರೆ ಎರಡನ್ನೂ ಮುಚ್ಚಿ, ಕಟ್ಟುಗಳಿಗೆ ಬೆಡ್‌ಶೀಟ್ ಹೊದಿಸುತ್ತಿದ್ದರು. ಕಡ್ಡಿ ಟಕ್ಕೆಂದು ಮುರಿದು, ಉಪ್ಪು ಸುರಿದ ಮೇಲೆಯೇ ಎಲೆ ಡಬ್ಬಿಗೆ. ಡಬ್ಬಿಯನ್ನು ಈ ಸಲ ಮರೆತು ಬಿಡಲಿಲ್ಲ. ದಿನಾ ಒಮ್ಮೆ ಮುಚ್ಚಳ ತೆಗೆದು ಮೂಸಿ, ಎಲೆಯನ್ನು ಮಗುಚಿ, ಬಾಟಲಿಗೆ ಒಂದು ಹಿಡಿ ಹಾಕಿ ನೋಡುವುದು. ಮೊದಮೊದಲು ಉಪ್ಪು ಸ್ವಲ್ಪ ಅಂಟುತ್ತಿತ್ತು. ಆಗ ಎಲೆಯನ್ನು ಚಾಪೆಗೆ ಸುರಿದು ಒಂದು ಹೊತ್ತು ಗಾಳಿಗಿಟ್ಟು ಮತ್ತೆ ತುಂಬುತ್ತಿದ್ದರು. ಕ್ರಮೇಣ ಅದೂ ನಿಂತಿತು. ಹಸಿರು ವಾಸನೆ ಇಳಿದು, ಒಣ ಹುಲ್ಲಿನ, ಸ್ವಲ್ಪ ಚಹಾದ ವಾಸನೆ ಬಂತು. ಮೂಸಬ್ಬನವರಿಗೂ ಮಂಚ ವಾಪಸು ಸಿಕ್ಕಿತು.

ನವೆಂಬರಿನ ಕೊನೆಗೆ ಅವರ ಹತ್ತಿರ ಐದು ಡಬ್ಬಿಗಳಿದ್ದವು. ಬೂಷ್ಟು ತೆಗೆದು ಉಳಿಸಿದ ಮೊದಲನೆಯದು. ಏಸಿಯದು ಎರಡನೆಯದು. ಮೂಡಣ ಕಿಟಕಿಯ ಹತ್ತಿರ ಬಹಳ ದಿನ ತೂಗಿ, ಕೊನೆಗೆ ಪಡುಗಾಳಿಯಲ್ಲಿ ಮುಗಿದದ್ದು ಮೂರನೆಯದು. ಪಡುವಣ ಕಡೆಯವು ಎರಡು. ಪ್ರತಿಯೊಂದರಿಂದ ಒಂದು ಚಮಚ ಎಲೆ ಪುಡಿಮಾಡಿ, ಬಟ್ಟೆಯಲ್ಲಿ ಸೋಸಿ, ಒಣ ನಿಂಬೆ ಕುದಿಸಿದ ನೀರಿನಲ್ಲಿ ಕಲಸಿದರು. ಯಾವ ಡಬ್ಬಿ ಎಂಥದ್ದು ಎಂದು ತಿಳಿಯಲು ಬಲಗೈಯ ಒಂದೊಂದು ಬೆರಳ ತುದಿಗೆ ಒಂದೊಂದು ಡಬ್ಬಿಯದನ್ನು ಕಟ್ಟಿಕೊಂಡರು. ಹೆಬ್ಬೆರಳಿಗೆ ಹಾಳಾದ ಡಬ್ಬಿ. ಕಿರುಬೆರಳಿಗೆ ಕೊನೆಯದು. ಆ ದಿನ ಊಟವನ್ನು ಚಮಚದಲ್ಲಿ, ಎಡಗೈಯಲ್ಲಿ ಮಾಡಬೇಕಾಯಿತು. ಮೂಸಬ್ಬ ತುತ್ತು ಕೊಡಲೇ ಎಂದು ಕೇಳಿ, ಬೈಗುಳ ತಿಂದರು.

ಮರುದಿನ ಬೆಳಿಗ್ಗೆ ಉಮ್ ಜಾಸಿಮ್ ತಾವೇ ಬಂದರು. ರುಕಿಯಮ್ಮ ಬಲಗೈಯನ್ನು ಅವರ ಮುಂದೆ ಚಾಚಿದರು. ಹೇಳಲು ಅಭ್ಯಾಸ ಮಾಡಿಕೊಂಡಿದ್ದ ಹಿಂದಿ ವಾಕ್ಯಗಳೆಲ್ಲ ಆ ಹೊತ್ತಿಗೆ ಮರೆತಿದ್ದವು. ಹೆಬ್ಬೆರಳ ತುದಿ ನೀರು ಹೆಚ್ಚಾದ ಚಹಾದ ಬಣ್ಣ. ತೋರುಬೆರಳು ಕಿತ್ತಳೆ. ನಡುಬೆರಳು ಇಟ್ಟಿಗೆ. ಉಂಗುರ ಬೆರಳೂ ಕಿರುಬೆರಳೂ ಒಣ ಖರ್ಜೂರದಷ್ಟು ಗಾಢ.

ಉಮ್ ಜಾಸಿಮ್ ಮೊದಲು ಹಿಡಿದದ್ದು ಹೆಬ್ಬೆರಳನ್ನೇ. ಇದೇನು ಎಂದು ಕೇಳಿದರು. ರುಕಿಯಮ್ಮ ಡಬ್ಬಿ ತಂದು ತೆರೆದು ತೋರಿಸಿ, ಕಿಟಕಿಯ ವಿಷಯವನ್ನೆಲ್ಲ ಹೇಳಿದರು. ಊರಿನ ಕಡಲು, ಇಲ್ಲಿಯ ಕಡಲು, ತುರುಕಿದ ಬಟ್ಟೆ, ಕಿತ್ತ ಚಿಲಕ. ಉಮ್ ಜಾಸಿಮ್ ಡಬ್ಬಿಯೊಳಗೆ ಕೈ ಹಾಕಿ ಎಲೆಯನ್ನು ಮಗುಚಿ ಮಗುಚಿ ನೋಡಿದರು. ಆ ಹೊತ್ತು ತನಗೆ ಇಡೀ ಅಕ್ಟೋಬರಿಗಿಂತ ಉದ್ದವಾಗಿತ್ತು ಎಂದು ರುಕಿಯಮ್ಮ ಅಮ್ಮನ ಹತ್ತಿರ ಹೇಳಿದರು. ಆಮೇಲೆ ಉಮ್ ಜಾಸಿಮರ ಹೊಟ್ಟೆ ಕುಲುಕತೊಡಗಿತು. ಅವರು ನಗುತ್ತಿದ್ದರು.

“ಇದು ದ್ವೀಪ, ರುಕಿಯಾ. ಕಡಲು ಯಾವ ಕಡೆ ಇಲ್ಲ, ಹೇಳು?” ಎಂದರು. “ಒಣಗಿಸುವುದು ಶಮಾಲ್, ಒದ್ದೆ ಮಾಡುವುದು ಕೌಸ್. ನನ್ನ ತಾಯಿ ಬೆಳಿಗ್ಗೆ ಬೆರಳು ಒದ್ದೆ ಮಾಡಿ ಮಾಳಿಗೆಯಲ್ಲಿ ನಿಲ್ಲುತ್ತಿದ್ದರು. ಇಷ್ಟು ದೊಡ್ಡ ಹೆಂಗಸಿಗೆ ಗಾಳಿ ಯಾವುದು ಎಂದು ಹೇಳಿಕೊಡಬೇಕೆಂದು ನನಗೆ ಹೇಗೆ ಹೊಳೆಯಬೇಕು?”

ಶಮಾಲ್ ಎಂದರೆ ವಾಯವ್ಯದಿಂದ ಬರುವ ಒಣಗಾಳಿ, ಕೌಸ್ ಎಂದರೆ ಆಗ್ನೇಯದ ಸೆಕೆಗಾಳಿ. ರುಕಿಯಮ್ಮ ಎರಡು ಹೆಸರುಗಳನ್ನೂ ಅಂದೇ ಕಲಿತರು.

ಉಮ್ ಜಾಸಿಮ್ ಮತ್ತೆ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬೆಳಕಿಗೆ ತಿರುಗಿಸಿದರು. ಉಂಗುರ ಬೆರಳನ್ನು ಮೂಸಿದರು. ಕಿರುಬೆರಳನ್ನು ಮೂಸಿ, ಅದನ್ನು ಬಿಡದೆ ಹಾಗೆಯೇ ಹಿಡಿದುಕೊಂಡರು. ಇದು ಲತೀಫಾಳ ಕೈಗೆ ಮತ್ತು ಕಾಲಿಗೆ ಎಂದರು. ಉಂಗುರ ಬೆರಳಿನದು ತನಗೂ ತನ್ನ ಅಕ್ಕತಂಗಿಯರಿಗೂ. ತೋರುಬೆರಳಿನದೂ ನಡುಬೆರಳಿನದೂ ಮನೆಯ ಮಕ್ಕಳಿಗೆ. ಬರುವ ನೂರಾರು ನೆಂಟರಿಗೆ ಸೂಕ್‌ನದೇ ಸಾಕು. ಹಾಳಾದ ಡಬ್ಬಿಯನ್ನು ರುಕಿಯಮ್ಮ ಬದಿಗೆ ಸರಿಸಿದಾಗ ಉಮ್ ಜಾಸಿಮ್ ಅದನ್ನೂ ಎತ್ತಿಕೊಂಡರು. ಮಡಿಲಿನಲ್ಲಿ ಇಟ್ಟುಕೊಂಡೇ ಗಾಡಿ ಹತ್ತಿದರು.

ಮದರಂಗಿ ಹಚ್ಚಿದ್ದು ಮದುವೆಗೆ ಮುಂಚಿನ ದಿನ, ಇಳಿಹೊತ್ತಿನ ಅಸರ್ ನಮಾಜಿನ ನಂತರ. ಕಲಸುವ ಕೆಲಸ ರುಕಿಯಮ್ಮನದೇ. ಲತೀಫಾ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಕೆಲಸಕ್ಕೆ ಹಿಂದಿರುಗಿದಾಗ ಎಲ್ಲರೂ ನೋಡುತ್ತಾರೆ, ಸಣ್ಣ ಚಿತ್ರ ಸಾಕು ಎಂದು ಮೊದಲಿನಿಂದ ಹೇಳುತ್ತಿದ್ದವಳು, ಬಟ್ಟಲು ಹತ್ತಿರ ಬಂದಾಗ ಒಮ್ಮೆ ಬಾಗಿ ಮೂಸಿದಳು. ಆಮೇಲೆ ಎರಡೂ ಅಂಗೈಗಳನ್ನು ಪೂರ್ತಿ ಬಿಚ್ಚಿ ಹಿಡಿದು, ಅಜ್ಜಿ ಹಚ್ಚುತ್ತಿದ್ದ ಹಾಗೆ ಇಡೀ ಅಂಗೈ ತುಂಬ ಹಚ್ಚಲು ಹೇಳಿದಳು. ಹಚ್ಚುವ ಹೆಂಗಸು ಬಟ್ಟಲಿನ ತಳ ಕೆರೆದು ಮುಗಿಸಿದಳು. ಸರಿಯಾಗಿ ಸಾಲಿತು.

ಮರುದಿನದ ಊಟದಲ್ಲಿ ಲತೀಫಾಳ ಅಂಗೈಗಳು ಬಳೆಗಳಿಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದವು ಎಂದು ಅಮ್ಮ ಬಂದು ಹೇಳಿದರು. ನಮ್ಮ ಮನೆಗೂ ಕರೆಯಿತ್ತು. ರುಕಿಯಮ್ಮ ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಂಡರಂತೆ.

ಅವರ ಬೆರಳುಗಳ ಬಣ್ಣ ಮಾತ್ರ ಬಹಳ ದಿನ ಉಳಿಯಿತು. ಚರ್ಮದ್ದು ಹೋದರೂ ಉಗುರಿನದು ಹೋಗಲಿಲ್ಲ. ಅಂಗಡಿಗೆ ಬಂದವರು, ಇದೇನು ಐದು ಬೆರಳಿಗೆ ಐದು ಬಣ್ಣ ಎಂದು ಕೇಳಿದರೆ, ಅದು ನಮ್ಮ ಮನೆಯ ಹವಾಮಾನ ಇಲಾಖೆ ಎಂದು ಮೂಸಬ್ಬ ಹೇಳುತ್ತಿದ್ದರು. ರುಕಿಯಮ್ಮ ನಗುತ್ತಿದ್ದರು. ಹೆಬ್ಬೆರಳನ್ನು ಮುಚ್ಚಿಕೊಳ್ಳುತ್ತಿರಲಿಲ್ಲ.

ಟೆರೇಸಿನ ಕೋಣೆಯಲ್ಲಿ ಈಗ ಮತ್ತೆ ರಟ್ಟಿನ ಪೆಟ್ಟಿಗೆಗಳಿವೆ. ಹಗ್ಗ ಹಾಗೆಯೇ ಇದೆ. ಊರಿನ ಕಡೆಯ ಮನೆಗಳಿಂದ ಪುದೀನ, ಕರಿಬೇವು, ನುಗ್ಗೆ ಸೊಪ್ಪು ಒಣಗಿಸಿ ಕೊಡಲು ಕೇಳಿಕೊಂಡು ಬರುತ್ತಾರೆ. ಪಡುವಣ ಕಿಟಕಿಗೆ ಮೂಸಬ್ಬ ಹೊಸ ಚಿಲಕ ಹಾಕಿಸಿದ್ದಾರೆ, ಅಂಗಡಿಯ ಸಕ್ಕರೆಯೂ ಈ ವರ್ಷ ಕಟ್ಟಿಕೊಂಡಿಲ್ಲ. ಬೆಳಿಗ್ಗೆ ನಮ್ಮ ತಲೆಯ ಮೇಲೆ ಮೊದಲು ಕೇಳುವುದು ಆ ಚಿಲಕ ತೆಗೆಯುವ ಸದ್ದು. ಅದು ಕೇಳಿಸದಿದ್ದರೆ ಅಂದು ಕೌಸ್ ಬೀಸುತ್ತಿದೆ ಎಂದು ಅರ್ಥ. ಅಂದು ಅಮ್ಮ ಯೂನಿಫಾರ್ಮ್ ಒಗೆಯುವುದಿಲ್ಲ.